ಶನಿಯಾರನ ಸೀರೆ ಸಮುದ್ರ

ಹೆಂಡತಿ ಸಣ್ಣಿ ತವರಿಗೆ ಹೋದ ಮೇಲೆ ತದಡಿಯ ಶನಿಯಾರನಿಗೆ ಸಭೆಗಳ ಚಟ ಹತ್ತಿತು. ಇಂಥ ಹೊತ್ತಿನಲ್ಲಿ ಗಂಡಸರಿಗೆ ಹತ್ತುವ ಚಟಗಳು ಬೇರೆ. ಆದರೆ ಶನಿಯಾರ ಬಾಟಲಿಯ ವಾಸನೆಗೇ ಸೀನುವವನು, ಇಸ್ಪೀಟಿನಲ್ಲಿ ರಾಜನಿಗೂ ಗುಲಾಮನಿಗೂ ವ್ಯತ್ಯಾಸ ತಿಳಿಯದವನು. ಹೀಗಾಗಿ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಒಡೆಯುವ ಕೆಲಸ ಮುಗಿಸಿ, ಬೀಗ ಹಾಕಿದ ಮನೆಗೆ ಹೋಗುವ ಬದಲು, ಎಲ್ಲಿ ನಾಲ್ಕು ಕುರ್ಚಿ ಹಾಕಿದ್ದಾರೋ ಅಲ್ಲಿ ಹೋಗಿ ಕೂರುತ್ತಿದ್ದ. ಮೀನುಗಾರರ ಸೊಸೈಟಿಯ ಸಭೆ, ಗ್ರಾಮಸಭೆ, ಶಾಲೆಯ ಪಾಲಕರ ಸಭೆ, ಯಾವುದನ್ನೂ ಬಿಡಲಿಲ್ಲ. ಅವನ ಒಬ್ಬಳೇ ಮಗಳು ಮದುವೆಯಾಗಿ ಹೊನ್ನಾವರ ಸೇರಿದ್ದಳು, ಆ ಮಾತು ಬೇರೆ. ಒಮ್ಮೆ ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲೂ ಮೂಲೆಯಲ್ಲಿ ಕೂತಿದ್ದು, ಹಾಜರಿಯಲ್ಲಿ "ಸಣ್ಣಿ" ಎಂದು ಕೂಗಿದಾಗ ತಾನೇ "ಹ್ಞಾಂ" ಅಂದುಬಿಟ್ಟಿದ್ದ.

ಗಂಡ ಹೆಂಡಿರ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿ ಮಾಡಿಸುವುದಕ್ಕೆ ಊರಲ್ಲಿ ಜನ ಇದ್ದರು. ಕಾಯ್ಕಿಣಿಯಲ್ಲಿ ಸಣ್ಣಿಯ ತಾಯಿ ತಿಮ್ಮಕ್ಕ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ದಸರೆ ಕಳೆದ ಕೂಡಲೇ ಸಣ್ಣಿ ನಾಲ್ಕು ಸೀರೆ ಕಟ್ಟಿಕೊಂಡು ಹೊರಟಳು. ಈಗ ಯುಗಾದಿಯೂ ದಾಟಿತ್ತು. ಅಮ್ಮನ ಸೊಂಟ ಕೂಡಿಬಂದಿತ್ತು, ಮಗಳು ಬಂದಿರಲಿಲ್ಲ. ದಿನಾ ಸಂಜೆ ಫೋನಿನಲ್ಲಿ ಮಾತು ಮಾತ್ರ ತಪ್ಪುತ್ತಿರಲಿಲ್ಲ.

"ಉಂಡ್ಯಾ?"

"ಉಂಡೆ. ನೀನು?"

"ಉಂಡೆ. ಅತ್ತೆ ಎಲ್ಲಿ ತನ್ಕ ನಡದ್ರು ಇವತ್ತು?"

"ಬಾವಿ ತನ್ಕ."

"ಆತು ಹಂಗಾರೆ."

"ಆತು."

ಅತ್ತೆಯ ನಡಿಗೆಯ ಬಗ್ಗೆ ಇಷ್ಟು ಆಸ್ಥೆಯಿಂದ ವಿಚಾರಿಸುವ ಅಳಿಯ ಇಡೀ ತಾಲೂಕಿನಲ್ಲಿ ಇಲ್ಲ ಎಂದು ಊರವರು ಹೊಗಳುತ್ತಿದ್ದರು. ತಿಮ್ಮಕ್ಕ ಬಾವಿ ದಾಟಿ ಗೇಟು ಮುಟ್ಟಿದ ದಿನ ಶನಿಯಾರ ಐಸ್ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದ. ಆದರೆ "ಇನ್ನು ಬಾ" ಎಂದು ಹೆಂಡತಿಗೆ ಹೇಳಲಿಲ್ಲ. 'ಬಾ' ಎಂಬುದು ಕನ್ನಡದಲ್ಲಿ ಒಂದೇ ಅಕ್ಷರ. ಶನಿಯಾರನ ಗಂಟಲಲ್ಲಿ ಮಾತ್ರ ಅದು ಮೀನಿನ ಮುಳ್ಳಿನ ಹಾಗೆ ಅಡ್ಡ ನಿಲ್ಲುತ್ತಿತ್ತು. ಅತ್ತ ಸಣ್ಣಿಯೂ ಕರೆಯದೆ ಹೇಗೆ ಬರುವುದು ಎಂದು ಅಮ್ಮ ಬೆಳೆಸಿದ ಮಲ್ಲಿಗೆ ಕಟ್ಟುತ್ತ ಕೂತಿದ್ದಳು.

ಹೀಗೆ ಸಭೆಗಳನ್ನು ಸುತ್ತುತ್ತಿದ್ದ ಶನಿಯಾರ ಒಂದು ಭಾನುವಾರ ಯುವಕ ಸಂಘದ ಬೆಳ್ಳಿಹಬ್ಬದ ನಾಟಕದ ಸಭೆಗೆ ಹೋದ. ನಾಟಕ ಬರೆದು ಆಡಿಸುವವರು ಕುಮಟಾದ ಹೈಸ್ಕೂಲಿನ ರೋಹಿಣಿ ಅಕ್ಕೋರು. ಕಥೆ ಸರಳ: ಮೀನಿಗೆ ಹೋದ ಗಂಡ ತೂಫಾನಿಗೆ ಸಿಕ್ಕಿದ್ದಾನೆ, ಹೆಂಡತಿ ದಡದಲ್ಲಿ ಕಾಯುತ್ತಿದ್ದಾಳೆ. ಕೊನೆಗೂ ಅವನು ಬರುವುದಿಲ್ಲ.

"ಎಲ್ಲ ಸರಿ. ವೇದಿಕೆ ಮೇಲೆ ಸಮುದ್ರವನ್ನು ಹೇಗೆ ತೋರಿಸೋದು ಅನ್ನೋದೇ ಸಮಸ್ಯೆ" ಎಂದರು ಅಕ್ಕೋರು.

ಮುಂದಿನ ಸಾಲಿನಿಂದ ಒಂದು ದನಿ ಬಂತು. "ಸಮುದ್ರ ತೋರ್ಸೂದು ಎಂತ ದೊಡ್ಡ ಕೆಲ್ಸ ಅಕ್ಕೋರೆ? ಮುಂಬೈ ನಾಟಕದಲ್ಲಿ ನಾವು ಹಿಮಾಲಯ ತೋರ್ಸಿದವ್ರು."

ದನಿ ಶನಿಯಾರನದು. ಹರೆಯದಲ್ಲಿ ಅವನು ಮುಂಬೈಗೆ ಹೋಗಿ ಒಂದು ನಾಟಕಗೃಹದ ಕ್ಯಾಂಟೀನಿನಲ್ಲಿ ಚಹಾ ಹಂಚಿದ್ದ. ಊರಿಗೆ ಮರಳಿದವನು "ನಾಟಕದಲ್ಲಿದ್ದೆ" ಎಂದಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ವೇದಿಕೆಗೂ ಅವನಿಗೂ ನಡುವೆ ಒಂದು ಗೋಡೆ ಇತ್ತು, ಅಷ್ಟೆ. ಹಿಮಾಲಯವನ್ನಂತೂ ಅವನು ಕ್ಯಾಂಟೀನಿನ ಕ್ಯಾಲೆಂಡರಿನಲ್ಲಿ ಕಣ್ಣಾರೆ ಕಂಡಿದ್ದ.

ಅಕ್ಕೋರ ಮುಖ ಅರಳಿತು. "ಹೌದಾ? ಹಾಗಾದರೆ ಬರುವ ಭಾನುವಾರ ನಿಮ್ಮ ಕಲ್ಪನೆ ತಂದು ಸಮಿತಿಯ ಮುಂದೆ ಇಡಿ. ಯಾವ ಬಣ್ಣ, ಯಾವ ಬೆಳಕು, ಜನರಿಗೆ ಏನು ಕಾಣಬೇಕು, ಎಲ್ಲ. ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣಿಸಬೇಕು."

ಕುಮಟಾದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ವಿಶಾಲನೂ ಎದ್ದು ನಿಂತ. "ನಾನೂ ಒಂದು ತೋರಿಸ್ತೆ ಅಕ್ಕೋರೆ. ಲ್ಯಾಪ್‌ಟಾಪಿನಲ್ಲಿ."

ಸಂಘದ ಅಧ್ಯಕ್ಷ, ಎರಡು ಬೋಟಿನ ಯಜಮಾನ ದುರ್ಗಣ್ಣ ತೀರ್ಪು ಕೊಟ್ಟ. "ಇಬ್ರೂ ತೋರ್ಸಿ. ಯಾರ ಸಮುದ್ರ ಚಲೋ ಅದೆ, ಅವರದ್ದು."

ಮರುದಿನದಿಂದ ಶನಿಯಾರನ ಅಂಗಳದಲ್ಲಿ ಸಮುದ್ರ ತಯಾರಿಸುವ ಕೆಲಸ ಶುರುವಾಯಿತು. ಮೊದಲು ಬೋಟಿಗೆ ಹೊದಿಸುವ ನೀಲಿ ತಾಡಪತ್ರಿ ಬಿಡಿಸಿ ಅಲುಗಿಸಿದ. ಅದು ಸಮುದ್ರದ ಹಾಗೆ ಕಾಣಲಿಲ್ಲ, ಗುಡುಗಿನ ಹಾಗೆ ಕೇಳಿಸಿತು. ನೆರೆಮನೆಯ ನಾಯಿ ಮಂಚದ ಅಡಿ ಸೇರಿತು. ಹಳೆಯ ಬಲೆ ಹಾಸಿ ನೋಡಿದ. ಅದು ಹಳೆಯ ಬಲೆಯ ಹಾಗೆಯೇ ಕಂಡಿತು. ಸುಸ್ತಾಗಿ ಒಳಗೆ ಹೋಗಿ ಕೂತವನ ಕಣ್ಣು ಸಣ್ಣಿಯ ಟ್ರಂಕಿನ ಮೇಲೆ ಬಿತ್ತು.

ಟ್ರಂಕು ತೆರೆದರೆ ಒಳಗೆ ಸಮುದ್ರ ಮಡಚಿ ಇಟ್ಟಂತಿತ್ತು. ಬೆಳಗಿನ ಹೊಳೆಬಾಯಿಯ ಹಸಿರಿನದೊಂದು. ಮಳೆಗಾಲದ ಕೆಂಪು ನೀರಿನ ಬಣ್ಣದ್ದೊಂದು. ನಟ್ಟನಡು ಸಮುದ್ರದ ಕಪ್ಪು ನೀಲಿ, ಅಂಚಿಗೆ ನೊರೆಯಂಥ ಬಿಳಿ ಎಳೆ. ತಳದಲ್ಲಿ ಹೊತ್ತು ಮುಳುಗುವಾಗಿನ ಬಣ್ಣದ ಧಾರೆ ಸೀರೆ. ಶನಿಯಾರ ಒಂದೊಂದನ್ನೂ ತಂದು ಅಂಗಳದ ಹಗ್ಗಕ್ಕೆ ಹಾಕಿ ಪಿನ್ನು ಚುಚ್ಚಿದ. ಹೊಳೆ ಕಡೆಯ ಗಾಳಿಗೆ ಸಾಲಾಗಿ ಎದ್ದು ಬಿದ್ದ ಸೀರೆಗಳನ್ನು ನೋಡುತ್ತ, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ನಿಂತಿದ್ದಾಗ ಬೇಲಿಯಾಚೆ ನೆರೆಮನೆಯ ಗಣಪಿ ಮೀನಿನ ಬುಟ್ಟಿ ಇಳಿಸಿದಳು.

ಗಣಪಿ ಕುಮಟಾ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಅವಳ ಬುಟ್ಟಿಯಲ್ಲಿ ಹೋಗುವಾಗ ಮೀನು, ಬರುವಾಗ ಸುದ್ದಿ. ಬೇಡಿಕೆ ಇದ್ದರೆ ಹೋಗುವಾಗಲೂ ಸುದ್ದಿ.

"ಅಯ್ಯೋ ತಮಾ, ಸೀರೆ ಒಣಗೂಕೆ ಹಾಕ್ಯದೆ! ಸಣ್ಣಿ ಬಂತಾ?"

"ಹ್ಞೂಂ" ಎಂದ ಶನಿಯಾರ. ಬಾಯಲ್ಲಿ ಪಿನ್ನು ಇದ್ದದ್ದರಿಂದ ಅವನಿಗೆ ಸಾಧ್ಯವಿದ್ದ ಉತ್ತರ ಅದೊಂದೇ.

"ಎಲ್ಲದೆ?"

ಪಿನ್ನು ತೆಗೆದ. ಈಗ ನಿಜ ಹೇಳಬಹುದಿತ್ತು. ದಸರೆಯಿಂದ ಈ ಬೇಲಿಯ ಮೇಲೆ ಕೈಯಿಟ್ಟು ಗಣಪಿ ದಿನಾ ಕೇಳುತ್ತಿದ್ದಳು, "ಸಣ್ಣಿ ಬಂತಾ?" ಅವನು ದಿನಾ "ಇಲ್ಲ" ಎನ್ನುತ್ತಿದ್ದ.

"ಒಳಗದೆ" ಎಂದ ಶನಿಯಾರ.

ಹೇಳಿದ ಮೇಲೆ ಬಾಯಿ ಬೆಲ್ಲ ತಿಂದ ಹಾಗಾಯಿತು. ಒಳಗದೆ. ಮನೆಯ ಬಾಗಿಲ ಕಡೆ ತಿರುಗಿ ನೋಡಿದ. ಅದೂ ಈಗ ಬೇರೆ ಥರ ಕಂಡಿತು. ಮರುದಿನ ಐಸ್ ಫ್ಯಾಕ್ಟರಿಯಲ್ಲಿ ಯಾರೂ ಕೇಳದಿದ್ದರೂ, "ನಾ ಹೊರಟೆ, ಮನೇಲಿ ಕಾಯ್ತದೆ" ಎಂದು ಹೊತ್ತಿಗೆ ಮುಂಚೆ ಎದ್ದ. ಸಭೆಗಳಿಗೆ ಹೋಗುವುದನ್ನೂ ಬಿಟ್ಟ. ಹೆಂಡತಿ ಮನೆಯಲ್ಲಿರುವ ಗಂಡಸಿಗೆ ಸಭೆ ಎಂತಕ್ಕೆ?

ಆದರೆ ಸುಳ್ಳಿಗೆ ಊಟ ಹಾಕುವುದು ಸುಲಭವಲ್ಲ. ಗಣಪಿ ಸಣ್ಣಿಗೆಂದು ಬಂಗುಡೆ ಸಾರು ಕಳಿಸಿದಳು. ಶನಿಯಾರ ಎರಡಾಳಿನ ಊಟ ಒಬ್ಬನೇ ಉಂಡ. ಮೂರನೆಯ ಸಲ ಪಾತ್ರೆ ವಾಪಸು ಪಡೆಯುವಾಗ ಗಣಪಿ ಬೇಲಿಯ ಮೇಲಿಂದ ಕುತ್ತಿಗೆ ಚಾಚಿ ಕೂಗಿದಳು. "ಏ ಸಣ್ಣಿ, ಬಂದು ಇಷ್ಟು ದಿವ್ಸ ಆತು, ಮುಖ ತೋರ್ಸೂಕೆ ಎಂತ ಧಾಡಿ ನಿಂಗೆ?"

ಶನಿಯಾರ ದಡಬಡ ಅಡುಗೆಮನೆಗೆ ಓಡಿ ಸಣ್ಣ ದನಿಯಲ್ಲಿ ಎರಡು ಸಲ ಕೆಮ್ಮಿದ.

ಅದು ಅವನು ಮಾಡಿದ ದೊಡ್ಡ ತಪ್ಪು. ಈ ದೇಶದಲ್ಲಿ ಹೆಂಗಸು ಅತ್ತರೆ ಸರ್ಕಾರಕ್ಕೆ ಕೇಳಿಸದಿರಬಹುದು, ಕೆಮ್ಮಿದರೆ ಕೇಳಿಸುತ್ತದೆ. ಮರುದಿನವೇ ಆಶಾ ಕಾರ್ಯಕರ್ತೆ ದೀಕ್ಷಾ ಚೀಲ ನೇತುಹಾಕಿಕೊಂಡು ಬಂದಳು.

"ಶನಿಯಾರಣ್ಣ, ಅಕ್ಕಂಗೆ ಕೆಮ್ಮು ಎಷ್ಟು ದಿವ್ಸದಿಂದ?"

"ಯಾವ ಅಕ್ಕಂಗೆ?"

"ಸಣ್ಣಕ್ಕಂಗೆ!"

"ಹಾಂ, ಅದಾ... ಅದು ಮೀತದೆ ಈಗ."

ದೀಕ್ಷಾ ಬಚ್ಚಲ ಕಡೆ ಕಿವಿಗೊಟ್ಟಳು. "ನೀರು ಹೊಯ್ಕಂಬೂ ಸದ್ದೇ ಇಲ್ಲ?"

"ನಿಧಾನ ಮೀತದೆ."

ದೀಕ್ಷಾ ಅವನನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಜಗಲಿಯ ಮೇಲಿಟ್ಟಳು. "ಬೆಳಿಗ್ಗೆ ಎದ್ದ ಕೂಡ್ಲೆ ಕಫ ತೆಗ್ದು ಇದ್ರಲ್ಲಿ ಹಾಕೂಕೆ ಹೇಳಿ. ಪರೀಕ್ಷೆಗೆ ಕಳಿಸ್ಬೇಕು. ನಾಳೆ ಬಂದು ತಕಂಡು ಹೋತೆ."

ಸರ್ಕಾರದ ಕೆಲಸಕ್ಕೆ ತನ್ನಿಂದ ತೊಂದರೆಯಾಗಬಾರದೆಂದು ಶನಿಯಾರ ಮರುದಿನ ಬೆಳಿಗ್ಗೆ ತನ್ನ ಕೈಲಾದದ್ದನ್ನು ಡಬ್ಬಿಗೆ ಹಾಕಿಟ್ಟ.

ಇತ್ತ ಗಣಪಿಯ ಬುಟ್ಟಿಯಲ್ಲಿ ಸುದ್ದಿ ಪ್ರಯಾಣ ಹೊರಟಿತು. ಕುಮಟಾ ಮಾರ್ಕೆಟ್ಟಿನಲ್ಲಿ ಅದು, "ಸಣ್ಣಿ ಬಂದದೆ, ಹೊರಗೆ ಬರೂದಿಲ್ಲ, ಕೆಮ್ಮು" ಎಂದಿತ್ತು. ಹೊನ್ನಾವರಕ್ಕೆ ಹೋದಾಗ ಅಲ್ಲಿನ ಒಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. "ಸಣ್ಣಿಯಾ? ನಿನ್ನೆ ಮುರ್ಡೇಶ್ವರ ಪೇಟೆಯಲ್ಲಿ ಮಲ್ಲಿಗೆ ಕೊಡ್ತಿತ್ತು, ನಾನೇ ಮಾತಾಡ್ಸಿದೆ." ಹಾಗಾದರೆ ತದಡಿಯ ಮನೆಯಲ್ಲಿ ಸಣ್ಣಿಯ ಸೀರೆ ಒಣಗಿಸಿ, ಸಣ್ಣಿಯ ಪಾಲಿನ ಬಂಗುಡೆ ಉಣ್ಣುವವಳು ಯಾರು? ಪ್ರಶ್ನೆ ಶರಾವತಿ ಸೇತುವೆ ದಾಟಿತು. ಕಾಯ್ಕಿಣಿ ಮುಟ್ಟುವ ಹೊತ್ತಿಗೆ ಅದು ಉತ್ತರವಾಗಿ ಬೆಳೆದಿತ್ತು: ಶನಿಯಾರ ಮುಂಬೈಯಿಂದ ನಾಟಕದ ಹೆಂಗಸೊಬ್ಬಳನ್ನು ತಂದಿಟ್ಟುಕೊಂಡಿದ್ದಾನೆ, ಅವಳು ದಿನಕ್ಕೊಂದು ಸಣ್ಣಿಯ ಸೀರೆ ಉಡುತ್ತಾಳೆ, ಮೈಯಲ್ಲಿ ಆರಾಮಿಲ್ಲ.

ಆ ಸಂಜೆ ಫೋನು ಬಂತು.

"ಉಂಡ್ಯಾ?" ಎಂದ ಶನಿಯಾರ.

"ಮನೇಲಿ ಯಾರಿದ್ದಾರೆ?" ಎಂದಳು ಸಣ್ಣಿ.

"ನಾನು."

"ಮತ್ತೆ?"

"ಮತ್ತೆ... ಮತ್ತೆ ಎಂತದೂ ಇಲ್ಲ."

ಅತ್ತ ಕಡೆ ಫೋನು ಕಟ್ಟಾಯಿತು. ಅತ್ತೆ ಎಲ್ಲಿಯ ತನಕ ನಡೆದರು ಎಂದು ಕೇಳುವುದಕ್ಕೂ ಆಗಲಿಲ್ಲ ಎಂದು ಶನಿಯಾರ ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂತ.

ಭಾನುವಾರ ಸೊಸೈಟಿಯ ಹಾಲಿನಲ್ಲಿ ಸಮಿತಿ ನೆರೆಯಿತು. ಸಮಿತಿಯಲ್ಲಿ ಏಳೆಂಟು ಮಂದಿ. ನೋಡುವುದಕ್ಕೆ ಬಂದವರು ಊರು ತುಂಬ. ಗಣಪಿ ಅಂದು ಮೀನಿಗೆ ರಜೆ ಹಾಕಿ ಬಂದಿದ್ದಳು, ದೀಕ್ಷಾ ಚೀಲದ ಸಮೇತ ಬಂದಿದ್ದಳು.

ಮೊದಲು ವಿಶಾಲನ ಸರದಿ. ಲ್ಯಾಪ್‌ಟಾಪಿನ ಗುಂಡಿ ಒತ್ತಿದ ಕೂಡಲೇ ಗೋಡೆಯ ಮೇಲೆ ನೀಲಿ ಆಕಾಶ ತೆರೆಯಿತು, ಬೆಳ್ಳಕ್ಕಿಗಳು ಹಾರಿದವು, ಸಾಕ್ಷಾತ್ ದುರ್ಗಣ್ಣನ ಬೋಟು ಹೆಸರಿನ ಸಮೇತ ತೇಲಿ ಬಂತು. "ವೇದಿಕೆ ಹಿಂದೆ ಇಡೀ ಎಲ್‌ಇಡಿ ಪರದೆ. ಸಮುದ್ರ ಬೇಕಾದ್ರೆ ಸಮುದ್ರ, ಆಕಾಶ ಬೇಕಾದ್ರೆ ಆಕಾಶ" ಎಂದ ವಿಶಾಲ.

ದುರ್ಗಣ್ಣ ತನ್ನ ಬೋಟನ್ನು ಮೊದಲ ಸಲ ನೋಡುವವನಂತೆ ನೋಡಿದ. "ಇದು ಸಮುದ್ರ ಅಂದ್ರೆ!"

"ತೆರೆ ನಟರ ಕಾಲಿಗೆ ತಾಗೋದಿಲ್ಲವಲ್ಲ" ಎಂದು ಅಕ್ಕೋರು ತಮ್ಮಷ್ಟಕ್ಕೇ ಹೇಳಿಕೊಂಡು, "ಶನಿಯಾರಣ್ಣ, ನೀವು ಬನ್ನಿ" ಎಂದರು.

ಶನಿಯಾರ ದೊಡ್ಡ ಗಂಟು ಹೊತ್ತು ಎದ್ದ. ಗಂಟು ಬಿಚ್ಚಿ, ಒಂದು ತುದಿಯನ್ನು ದುರ್ಗಣ್ಣನ ಕೈಗೆ, ಇನ್ನೊಂದನ್ನು ವಿಶಾಲನ ಕೈಗೆ ಕೊಟ್ಟು ಅಲುಗಿಸಲು ಹೇಳಿದ. ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಸೀರೆಗೆ ಸೀರೆ ಕೂಡಿಸಿದ ಬಟ್ಟೆ ಎದ್ದಿತು, ಬಿತ್ತು, ಮತ್ತೆ ಎದ್ದಿತು.

"ಇದು ಸಣ್ಣಿ... ಅಲ್ಲ, ಸಮುದ್ರ" ಎಂದು ಶನಿಯಾರ ಶುರು ಮಾಡಿದ. ವಾರವಿಡೀ ಬಾಯಿಪಾಠ ಮಾಡಿದ್ದ ಬಣ್ಣ, ಬೆಳಕು, ಆಕಾರ ಎಲ್ಲ ಮರೆತುಹೋಗಿತ್ತು. "ಈ ಹಸಿರು ಅದೆಯಲ್ಲ, ಇದು ಬೆಳಿಗ್ಗೆ ಹೊಳೆಬಾಯಿ. ಮಗಳ ಮದುವೆಗೆ ಉಟ್ಟಿತ್ತು. ಊಟದ ಹೊತ್ತಿಗೆ ಯಾರೋ ಪಾಯಸ ಚೆಲ್ಲಿದ್ರು, ಇಲ್ಲಿ ಕಲೆ ಅದೆ, ನೋಡಿ. ಈ ಕೆಂಪು ಮಳೆಗಾಲದ ನೀರು. ನಾ ಮೀನಿಗೆ ಹೋಗ್ತಿದ್ದ ಕಾಲಕ್ಕೆ ಒಂದ್ಸಲ ತೂಫಾನಿಗೆ ನಮ್ಮ ಬೋಟು ಎರಡು ದಿವ್ಸ ಬರ್ಲಿಲ್ಲ, ಆಗ ಇದನ್ನೇ ಉಟ್ಕಂಡು ಬಂದರಿನ ಧಕ್ಕೆಯಲ್ಲಿ ನಿಂತಿತ್ತು. ನಾನು ಬಂದು ಇಳಿದ್ರೆ ಎಂತದೂ ಮಾತಾಡ್ಲಿಲ್ಲ. ಹಸಿ ಆಗಿದ್ದೆ ಹೇಳಿ ಸೆರಗಲ್ಲಿ ತಲೆ ಒರೆಸ್ತು. ಈ ಕಪ್ಪು ನೀಲಿ..."

"ಅದನ್ನ ಎಲ್ಲಿ ಉಟ್ಟಿದ್ದೆ ಹೇಳಿ ನಾ ಹೇಳೂದಾ?"

ಬಾಗಿಲಲ್ಲಿ ಸಣ್ಣಿ ನಿಂತಿದ್ದಳು. ಅವಳ ಹಿಂದೆ ಕೋಲು ಊರಿಕೊಂಡು ತಿಮ್ಮಕ್ಕ. ಬಾವಿ ಗೇಟು ಮಾತ್ರವಲ್ಲ, ಮೂರು ಬಸ್ಸು ಹತ್ತಿಳಿದು, ತಾರಿ ದೋಣಿಯಲ್ಲಿ ಹೊಳೆ ದಾಟಿ ಅತ್ತೆ ಬಂದಿದ್ದಳು.

ಗಣಪಿ ಎದ್ದು ನಿಂತಳು. "ಏ ಸಣ್ಣಿ! ನೀ ಯಾವಾಗ ಹೊರಗೆ ಬಂದೆ?"

"ನಾ ಒಳಗೆ ಯಾವಾಗ ಇದ್ದೆ?"

"ದಿನಾ ಸಾರು ಕಳಿಸ್ತಿದ್ದೆ ಅಲ್ಲೆ! ನಿನ್ನ ಕೆಮ್ಮು ನನ್ನ ಕಿವಿಯಾರೆ ಕೇಳಿದ್ದೆ!"

"ನಂಗೆ ಕೆಮ್ಮೇ ಇಲ್ಲ" ಎಂದಳು ಸಣ್ಣಿ.

ದೀಕ್ಷಾ ಚೀಲವನ್ನು ಎದೆಗವಚಿಕೊಂಡಳು. "ಹಂಗಾರೆ ಡಬ್ಬಿಯಲ್ಲಿದ್ದದ್ದು ಯಾರದ್ದು?"

ಶನಿಯಾರ ನೆಲ ನೋಡಿದ. ತಿಮ್ಮಕ್ಕ ಕೋಲಿನಿಂದ ನೆಲ ಕುಟ್ಟಿದಳು. "ಅದೆಲ್ಲ ಇರ್ಲಿ. ಆ ಮುಂಬೈ ಹೆಂಗಸು ಎಲ್ಲಿ? ಕರಿ ಹೊರಗೆ!"

"ಯಾವ ಹೆಂಗಸು ಅತ್ತೆ?"

"ನನ್ನ ಮಗಳ ಸೀರೆ ಉಡೂದು!"

ಜನರೆಲ್ಲ ಸೀರೆಯ ಕಡೆ ನೋಡಿದರು. ಸಣ್ಣಿಯೂ ನೋಡಿದಳು. ನೋಡುತ್ತ ನೋಡುತ್ತ ಹತ್ತಿರ ಬಂದು, ದುರ್ಗಣ್ಣನ ಕೈಯಿಂದ ತುದಿ ಕಿತ್ತುಕೊಂಡು, ಒಂದು ಹೊಲಿಗೆಯನ್ನು ಬೆಳಕಿಗೆ ಹಿಡಿದಳು.

"ಧಾರೆ ಸೀರೆ. ಇದಕ್ಕೆ ಯಾರು ಹೊಲಿಗೆ ಹಾಕಿದ್ದು?"

"ನಾನು."

"ಬಲೆ ದಾರದಲ್ಲಿ?"

"ಗಟ್ಟಿ ಇರ್ಲಿ ಹೇಳಿ."

ಹಾಲಿನಲ್ಲಿ ಯಾರೋ ನಗಲು ಹೊರಟು ಪಕ್ಕದವರ ಮೊಣಕೈ ತಿಂದರು. ಸಣ್ಣಿಯ ದನಿ ತಗ್ಗಿತು. "ಮನೇಲಿ ಯಾರೂ ಇರ್ಲಿಲ್ಲ?"

"ಇಲ್ಲ."

"ಮತ್ತೆ ಗಣಪಿ ಹತ್ರ ಒಳಗದೆ ಹೇಳಿ ಎಂತಕೆ ಹೇಳ್ದೆ?"

ಶನಿಯಾರ ಸೀರೆಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ದಿನಾ ಕೇಳ್ತಿದ್ರು. ಇಲ್ಲ, ಇಲ್ಲ ಹೇಳಿ ಸಾಕಾಗಿತ್ತು. ಒಂದ್ಸಲ ಅದೆ ಅಂದೆ."

ಗಣಪಿ ಕೂತುಬಿಟ್ಟಳು. ದುರ್ಗಣ್ಣ ದೊಡ್ಡ ಸದ್ದು ಮಾಡಿ ಮೂಗು ಒರೆಸಿಕೊಂಡು, ಅಧ್ಯಕ್ಷನಾದವನು ಏನಾದರೂ ನಿರ್ಣಯ ಮಾಡಲೇಬೇಕಲ್ಲ ಎಂದು ಎದ್ದ. "ಎರಡೂ ಇರ್ಲಿ ಅಕ್ಕೋರೆ. ಹಿಂದೆ ವಿಶಾಲನ ಆಕಾಶ, ನನ್ನ ಬೋಟು. ಮುಂದೆ ಇವನ ಸಮುದ್ರ."

"ನನ್ನ ಸಮುದ್ರ" ಎಂದಳು ಸಣ್ಣಿ. "ಸೀರೆ ನಂದು. ಕಂಡಕಂಡವ್ರು ಎಳೂದು ಬ್ಯಾಡ. ಒಂದು ತುದಿ ನಾ ಹಿಡೀತೆ."

ಹಾಗೆ ಸಣ್ಣಿ ತದಡಿಗೆ ಬಂದಳು ಎಂದು ಕಥೆ ಮುಗಿಸಬಹುದಿತ್ತು. ಆದರೆ ಅವಳು ಅಂದೇ ಸಂಜೆ ಅಮ್ಮನನ್ನು ಕರೆದುಕೊಂಡು ಹೊರಟಳು. ಬೇಸಗೆ ಬಂದಿತ್ತು. ಬೇಸಗೆ ಎಂದರೆ ಮಲ್ಲಿಗೆಯ ಕಾಲ. ತಿಮ್ಮಕ್ಕ ನಡೆಯುತ್ತಿದ್ದಳು ನಿಜ, ಬಗ್ಗಿ ಹೂ ಕೊಯ್ಯುವಷ್ಟು ಸೊಂಟ ಬಾಗುತ್ತಿರಲಿಲ್ಲ. ಆಮೇಲೆ ತಾಲೀಮು ಇದ್ದಾಗಲೆಲ್ಲ ಸಣ್ಣಿ ಬರುತ್ತಿದ್ದಳು: ಬೆಳಗಿನ ಹೂ ಕೊಟ್ಟು ಬಸ್ಸು ಹತ್ತಿ, ಅಘನಾಶಿನಿಯಲ್ಲಿಳಿದು, ತಾರಿ ದಾಟಿ. ಮೊದಲ ಕೆಲಸವಾಗಿ ಬಲೆ ದಾರವನ್ನೆಲ್ಲ ಬಿಡಿಸಿ ಒಳ್ಳೆಯ ನೂಲಿನಲ್ಲಿ ಹೊಲಿದಳು. ಧಾರೆ ಸೀರೆಯನ್ನು ತೆಗೆದಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಅದನ್ನು ನಟ್ಟನಡುವಿಗೆ ಹಾಕಿದಳು.

ತಾಲೀಮಿನಲ್ಲಿ ಅವರಿಬ್ಬರ ಜಾಗ ವೇದಿಕೆಯ ಎರಡು ಬದಿಯ ಪರದೆಗಳ ಮರೆ. ಅವನು ಈ ತುದಿ, ಅವಳು ಆ ತುದಿ, ನಡುವೆ ಸಮುದ್ರ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ತಾಲೀಮು ಮುಗಿದ ಮೇಲೆ ಶನಿಯಾರ ಅವಳನ್ನು ತಾರಿಯವರೆಗೆ ಬಿಡುತ್ತಿದ್ದ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಲ್ಲಿ ತಿರುವಿ ತಿರುವಿ, ದೋಣಿ ಹತ್ತುವ ಹೊತ್ತಿಗೆ, "ಆತು ಹಂಗಾರೆ" ಎನ್ನುತ್ತಿದ್ದ.

"ಆತು" ಎನ್ನುತ್ತಿದ್ದಳು ಸಣ್ಣಿ.

ತಾರಿಯ ಇಂಜಿನ್ನಿನ ಸದ್ದು ಆಚೆ ದಡ ಮುಟ್ಟಿ ನಿಲ್ಲುವವರೆಗೆ ಅವನು ಧಕ್ಕೆಯಲ್ಲಿ ನಿಂತಿರುತ್ತಿದ್ದ. ಅವಳು ಇಳಿದು ತಿರುಗಿ ನೋಡುತ್ತಿದ್ದಳೋ ಇಲ್ಲವೋ, ಅಷ್ಟು ದೂರಕ್ಕೆ ಗೊತ್ತಾಗುತ್ತಿರಲಿಲ್ಲ.

ನಾಟಕದ ಸಂಜೆ ಶಾಲೆಯ ಮೈದಾನ ತುಂಬಿತು. ತಿಮ್ಮಕ್ಕನನ್ನು ಮುಂದಿನ ಸಾಲಿನಲ್ಲಿ ಗಣಪಿಯ ಪಕ್ಕ ಕೂರಿಸಿದ್ದರು. ಹಿಂದಿನ ಪರದೆಯಲ್ಲಿ ದುರ್ಗಣ್ಣನ ಬೋಟು ಬಂದಾಗ ಶಿಳ್ಳೆ ಬಿತ್ತು. ಸೀರೆ ಸಮುದ್ರ ಎದ್ದಾಗ ಶಿಳ್ಳೆ ಬೀಳಲಿಲ್ಲ. ಮುಂದೆ ಕೂತ ಹೆಂಗಸರು ಕಾಲು ಹಿಂದಕ್ಕೆಳೆದುಕೊಂಡರು, ನೀರು ತಾಗೀತೆಂಬಂತೆ. ತೂಫಾನಿನ ದೃಶ್ಯದಲ್ಲಿ ಶನಿಯಾರ, ಸಣ್ಣಿ ಇಬ್ಬರೂ ಸೀರೆಯನ್ನು ಎಷ್ಟು ಚೆನ್ನಾಗಿ ಎಳೆದರೆಂದರೆ, ಅಕ್ಕೋರು ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡರು.

ಕೊನೆಯ ದೃಶ್ಯ ಬಂತು. ಇಲ್ಲಿ ಸಮುದ್ರ ಅಲುಗಬಾರದು. ದಡದಲ್ಲಿ ಹೆಂಡತಿಯ ಪಾತ್ರಧಾರಿ ಒಬ್ಬಳೇ ನಿಂತು ಸತ್ತ ನೀರನ್ನು ನೋಡಬೇಕು, ಪರದೆ ಬೀಳಬೇಕು. ಶನಿಯಾರ ಉಸಿರು ಬಿಗಿಹಿಡಿದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ.

ಆಗ ಆ ತುದಿಯಿಂದ ಒಂದು ಸಣ್ಣ ಎಳೆತ ಬಂತು.

ಸೆಕೆಗೆ ಕೈ ಜಾರಿರಬೇಕು ಎಂದುಕೊಂಡ. ಇನ್ನೊಂದು ಬಂತು. ಶನಿಯಾರ ಸ್ವಲ್ಪ ಎಳೆದ. ಉತ್ತರ ಬಂತು. ಸತ್ತ ಸಮುದ್ರದ ನಟ್ಟನಡುವೆ ಧಾರೆ ಸೀರೆಯಲ್ಲಿ ಒಂದು ತೆರೆ ಎದ್ದಿತು, ಅದರ ಹಿಂದೆ ಇನ್ನೊಂದು.

"ನಿಲ್ಲಿಸಿ!" ಎಂದು ಅಕ್ಕೋರು ಮರೆಯಿಂದ ಪಿಸುಗುಟ್ಟಿದರು. "ಅವನು ಸತ್ತಿದ್ದಾನೆ!"

"ಬಂತು, ದೋಣಿ ಬಂತು!" ಎಂದು ಮುಂದಿನ ಸಾಲಿನಲ್ಲಿ ಗಣಪಿ ಎದ್ದುನಿಂತು ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಸತ್ತಿದ್ದ ಗಂಡನ ಪಾತ್ರಧಾರಿ ಬಣ್ಣ ಒರೆಸುತ್ತಿದ್ದವನು ಏನು ಮಾಡಬೇಕೆಂದು ತಿಳಿಯದೆ ಇಣುಕಿ ನೋಡಿದ.

ಶನಿಯಾರ ಅದಾವುದನ್ನೂ ಕೇಳಲಿಲ್ಲ. ಬಟ್ಟೆಯನ್ನು ಕೈಗೆ ಸುತ್ತುತ್ತ, ಸುತ್ತಿದಷ್ಟೂ ಮುಂದೆ ನಡೆಯುತ್ತ, ಪರದೆಯ ಮರೆ ಬಿಟ್ಟು ವೇದಿಕೆಗೇ ಬಂದುಬಿಟ್ಟ. ಆ ಕಡೆಯಿಂದ ಸಣ್ಣಿಯೂ ಬಂದಿದ್ದಳು. ಇಡೀ ತದಡಿಯ ಮುಂದೆ, ಎರಡು ಸೀರೆಯ ಉಂಡೆಗಳನ್ನು ಹೊತ್ತು ಇಬ್ಬರೂ ನಡುವೇದಿಕೆಯಲ್ಲಿ ಎದುರು ಬದುರು ನಿಂತರು. ಅವರ ತಲೆಯ ಮೇಲೆ ಸರಿಯಾಗಿ ಮೈಕು ತೂಗುತ್ತಿತ್ತು.

"ಮನೆಗೆ ಬಾ" ಎಂದ ಶನಿಯಾರ. ಮೈದಾನದ ಕೊನೆಯ ಸಾಲಿನವರೆಗೂ, ಅದರಾಚೆ ಧಕ್ಕೆಯವರೆಗೂ ಅದು ಕೇಳಿಸಿತು.

ಸಣ್ಣಿ ಮುಂದಿನ ಸಾಲಿನ ಕಡೆ ನೋಡಿದಳು. ತಿಮ್ಮಕ್ಕ ಕೋಲು ಎತ್ತಿದಳು. "ನನ್ನ ಎಂತಕೆ ನೋಡ್ತೆ? ಕರೆದದ್ದು ನಿನ್ನ."

"ಹೂ ಅದೆ ಈಗ" ಎಂದಳು ಸಣ್ಣಿ, ಮೆಲ್ಲಗೆ. ಮೈಕು ಅದನ್ನೂ ಬಿಡಲಿಲ್ಲ. "ಮಳೆ ಬಿದ್ರೆ ಹೂ ನಿಲ್ತದೆ. ಮಳೆ ಬಿದ್ದ ಕೂಡ್ಲೆ ಬತ್ತೆ."

ಶನಿಯಾರ ತಲೆಯೆತ್ತಿ ಹಿಂದಿನ ಪರದೆಯನ್ನು ನೋಡಿದ. ಅಲ್ಲಿ ಚಿತ್ರದಂಥ ನೀಲಿ ಆಕಾಶ. ಒಂದು ತುಣುಕು ಮೋಡವೂ ಇರಲಿಲ್ಲ. ಅವನು ಮರೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ವಿಶಾಲನ ಕಡೆ ತಿರುಗಿದ.

"ತಮಾ ವಿಶಾಲ" ಎಂದ, "ಅದ್ರಲ್ಲಿ ಮಳೆ ಬತ್ತದಾ?"

ವಿಶಾಲ ಒಮ್ಮೆ ಅಕ್ಕೋರ ಮುಖ ನೋಡಿದ. ಅಕ್ಕೋರು ಹಣೆಗೆ ಕೈಹಚ್ಚಿ ನಿಂತಿದ್ದರು; ಬೇಡ ಎನ್ನಲಿಲ್ಲ. ಅವನು ಒಂದೆರಡು ಗುಂಡಿ ಹುಡುಕಿ ಒತ್ತಿದ. ದುರ್ಗಣ್ಣನ ಬೋಟಿನ ಮೇಲೆ ಕಪ್ಪು ಮೋಡ ಕವಿಯಿತು, ಪರದೆಯ ಉದ್ದಕ್ಕೂ ಧೋ ಎಂದು ಮಳೆ ಸುರಿಯತೊಡಗಿತು. ಸಣ್ಣಿ ಸೀರೆಯ ಉಂಡೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಬೆವರು ಸುರಿಸುತ್ತ, ಶನಿಯಾರ ಆ ಮಳೆಯನ್ನೇ ನೋಡುತ್ತ ನಿಂತ.